ಹಗುರದ ಭಾರ

ಕಡಲಿಗೆ ನೂರಾರು ಮೈಲಿ ದೂರವಿರುವ ರಾಯಿಕೋಡಿನ ನಮಗೆ ತೆರೆಯೇರುವ ಹಲಗೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಕಡೆಯ ಹುಡುಗರು ಹಿಂದೆ ಬಾವಿಯಲ್ಲಿ ಈಜು ಕಲಿತದ್ದು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಒಡೆದ ಬುರುಡೆ ತಿಪ್ಪೆ ಸೇರಿ ಗೊಬ್ಬರವಾಗುತ್ತಿತ್ತು. ಈಗ ಅದರ ಸ್ಥಾನಕ್ಕೆ ಪ್ಲಾಸ್ಟಿಕ್ ಡಬ್ಬಿ ಬಂದಿದೆ. ಅದು ಬೇಗ ಒಡೆಯದು. ಒಡೆದ ಮೇಲೆ ಕೊಳೆಯುವುದೂ ಇಲ್ಲ. ನೀರಿನ ಮೇಲೆ ನಮ್ಮನ್ನು ಹಗುರಾಗಿಸುವ ವಸ್ತು ಇನ್ನಾರಿಗೋ ಭಾರವಾಗುವುದು ಸರಿಯೆ? ಈ ಪ್ರಶ್ನೆ ಬಾವಿಗೂ ಒಂದೇ, ಕಡಲಿಗೂ ಒಂದೇ.

ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಹುಟ್ಟಿದಂದಿನಿಂದ ಸರ್ಫಿಂಗ್ ಎಂಬ ಈ ತೆರೆಯಾಟ ಕನ್ನಡಿಗರದೂ ಆಗಿದೆ. ಇದರ ತವರುಗಳಲ್ಲೊಂದಾದ ಹವಾಯಿಯಲ್ಲಿ ವಿಲಿವಿಲಿ ಎಂಬ ಹಗುರ ಮರದಿಂದಲೂ ಹಲಗೆ ಕೆತ್ತುತ್ತಿದ್ದರು. ಅದು ನಮ್ಮ ಹಾಲವಾಣದ ಕುಲಕ್ಕೇ ಸೇರಿದ ಮರ. ಹಲಗೆಗಾಗಿ ಮರ ಕಡಿದವನು ಬೇರಿನ ಗುಂಡಿಯಲ್ಲಿ ಕುಮು ಎಂಬ ಕೆಂಪು ಮೀನನ್ನಿಟ್ಟು ಪ್ರಾರ್ಥಿಸುತ್ತಿದ್ದನಂತೆ. ಪಡೆದುದಕ್ಕೆ ತಾನು ಋಣಿ ಎಂಬ ಅರಿವು ಅಲ್ಲಿತ್ತು.

ಇಂದಿನ ಹಲಗೆಯ ಒಡಲು ಬಹುಮಟ್ಟಿಗೆ ಪಾಲಿಯುರೆಥೇನ್ ನೊರೆಯದು. ಅದರ ಮೇಲೆ ಗಾಜಿನ ನಾರಿನ ಬಟ್ಟೆ, ಪಾಲಿಯೆಸ್ಟರ್ ರಾಳ. ನೊರೆ ತಯಾರಿಸಲು ಐಸೊಸಯನೇಟ್ ವರ್ಗದ ವಿಷರಾಸಾಯನಿಕ ಬೇಕು. ರಾಳದಿಂದ ಸ್ಟೈರೀನ್ ಆವಿ ಏಳುತ್ತದೆ. ಅವುಗಳ ನಡುವೆ ಉಸಿರಾಡುವವನು ತೆರೆಯೇರುವವನಲ್ಲ, ಹಲಗೆ ಮಾಡುವ ಕೆಲಸಗಾರ. 2005ರ ಡಿಸೆಂಬರಿನಲ್ಲಿ ಅಮೆರಿಕದ ಕ್ಲಾರ್ಕ್ ಫೋಮ್ ಕಾರ್ಖಾನೆ ಹಠಾತ್ತನೆ ಮುಚ್ಚಿದ ಮೇಲೆ ಬೇರೆ ವಸ್ತುಗಳ ಹುಡುಕಾಟ ಚುರುಕಾಯಿತು: ಮರುಬಳಕೆಯ ಪಾಲಿಸ್ಟೈರೀನ್, ಸಸ್ಯಮೂಲದ ಅಂಶ ಬೆರೆತ ಎಪಾಕ್ಸಿ ರಾಳ, ಮರದ ಟೊಳ್ಳು ಹಲಗೆ.

ಆದರೆ ಸಸ್ಯದ ಹೆಸರು ಹೊತ್ತ ಮಾತ್ರಕ್ಕೆ ವಸ್ತು ನಿರ್ದೋಷಿಯಾಗದು. ಗಟ್ಟಿಯಾದ ಎಪಾಕ್ಸಿಯೂ ಮಣ್ಣಿನಲ್ಲಿ ಕರಗುವುದಿಲ್ಲ. ಮರದ ಹಲಗೆಗೆ ತೂಕವೂ ಹೆಚ್ಚು, ಶ್ರಮವೂ ಹೆಚ್ಚು. ಹಾಗಾದರೆ ಹಳೆಯದಕ್ಕೇ ಮರಳೋಣವೆ? ಬಾವಿಗಿಳಿಯುವ ಮಗುವಿನ ಬೆನ್ನಿಗೆ ಬಿರುಕುಬಿಟ್ಟ ಬುರುಡೆಯನ್ನೇ ಕಟ್ಟಿರೆಂದು ನಾವು ಹೇಳಲಾರೆವು. ಅಲ್ಲಿ ಡಬ್ಬಿ ಜೀವ ಕಾಯುತ್ತದೆ. ಆ ಕಾರಣಕ್ಕೆ ಅದನ್ನು ಕ್ಷಮಿಸಬಹುದು. ಆಟದ ಹಲಗೆಗೆ ಆ ಸಮರ್ಥನೆಯಿಲ್ಲ. ಆಟ ಅವಶ್ಯಕತೆಯಲ್ಲ, ಆನಂದ. ಆನಂದ ಬೇಡವೆನ್ನುವಷ್ಟು ವಿರಕ್ತರು ನಾವಲ್ಲ; ಆದರೆ ಅವಶ್ಯಕತೆಗೆ ಸಲ್ಲುವ ರಿಯಾಯಿತಿ ಆನಂದಕ್ಕೆ ಸಲ್ಲದು. ಅದರ ಲೆಕ್ಕ ಹೆಚ್ಚು ಕಟ್ಟುನಿಟ್ಟಾಗಿರಬೇಕು.

ಆದ್ದರಿಂದ ಹಲಗೆ ಯಾವುದರಿಂದಾಯಿತು ಎಂಬುದರ ಜೊತೆಗೆ, ಎಷ್ಟು ಕಾಲ ಬಾಳಿತು, ಮಾಡಿದವನ ಉಸಿರಿಗೆ ರಕ್ಷಣೆಯಿತ್ತೆ ಎಂದೂ ಕೇಳಬೇಕು. ಸೀಳಿದ ಹಲಗೆಗೆ ತೇಪೆ ಹಾಕಿ ಹತ್ತು ವರ್ಷ ಆಡುವವನು, ವರ್ಷಕ್ಕೊಂದು ಹೊಸ ಹಸಿರು ಹಲಗೆ ಕೊಳ್ಳುವವನಿಗಿಂತ ಆ ಋಣವನ್ನು ಚೆನ್ನಾಗಿ ಬಲ್ಲವನೆಂದು ನಮ್ಮ ಭಾವನೆ.