ಶಕ್ತಿಯೂ ಪ್ರತಿಬಂಧವೂ

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೂ, ಅಲ್ಲಿಂದ ಚಿಕ್ಕಬಳ್ಳಾಪುರವನ್ನು ಹಾದು ಮಂಚೇನಹಳ್ಳಿಯ ಮೇಲೆ ಗೌರಿಬಿದನೂರಿಗೂ ಹೋಗುವ ದಾರಿಯ ಇಕ್ಕೆಲಗಳ ಗ್ಯಾರೇಜುಗಳಲ್ಲಿ, ಟೊಮೇಟೊ ಹೇರಿದ ಟೆಂಪೊವಿನವನಾಗಲಿ, ಗೂಡಿನ ಚೀಲಗಳನ್ನು ಮಾರುಕಟ್ಟೆಗೆ ಸಾಗಿಸುವ ರೇಷ್ಮೆಯ ರೈತನಾಗಲಿ, ಬಾಡಿಗೆಗೆ ಉಳುವ ಟ್ರ್ಯಾಕ್ಟರಿನ ಒಡೆಯನಾಗಲಿ ಹೇಳುವ ದೂರು ಬಹುಮಟ್ಟಿಗೆ ಒಂದೇ: “ಗಾಡಿ ಎಳೀತಿಲ್ಲ, ಪಿಕಪ್ಪೇ ಇಲ್ಲ.” ಕೈಪಳಗಿದ ಮೆಕ್ಯಾನಿಕನಾದರೆ ಇಂಜಿನ್ನಿಗೆ ಏನನ್ನಾದರೂ ಸೇರಿಸುವ ಮಾತನ್ನಾಡದೆ ಮೊದಲು ಏರ್ ಕ್ಲೀನರನ್ನು ಬಿಚ್ಚುತ್ತಾನೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಅದರ ಅಡಿಗೊಂದು ಎಣ್ಣೆಯ ಬಟ್ಟಲು ಇರುತ್ತದೆ. ಒಳಗೆ ನುಗ್ಗುವ ಗಾಳಿಯು ಆ ಎಣ್ಣೆಯ ಮೇಲೆ ಬಡಿದು, ಹೊತ್ತು ತಂದ ಧೂಳನ್ನು ಅಲ್ಲಿಯೇ ಬಿಟ್ಟು, ತಂತಿಯ ಜಾಲರಿಯ ಮೂಲಕ ಮೇಲೇರತಕ್ಕದ್ದು. ಬೇಸಗೆಯ ಉಳುಮೆ ನಡೆದಿರುವಾಗ ಆ ಬಟ್ಟಲನ್ನು ಕಳಚಿ ಓರೆಮಾಡಿದರೆ, ಮೇಲಿನ ಕರಿಯೆಣ್ಣೆ ಹರಿದುಹೋದ ತರುವಾಯ, ಒತ್ತಿದ ಬೆರಳಿನ ಗುರುತು ಹಾಗೆಯೇ ನಿಲ್ಲುವಷ್ಟು ಗಟ್ಟಿಯಾಗಿ ತಳದಲ್ಲಿ ಕೆಮ್ಮಣ್ಣಿನ ಹೂಳು ಕುಳಿತಿರುವುದು ಕಾಣುತ್ತದೆ. ಅದನ್ನು ಕೆರೆದು ತೆಗೆದು, ಜಾಲರಿಯನ್ನು ಡೀಸೆಲ್ಲಿನಲ್ಲಿ ಜಾಲಿಸಿ, ಗೆರೆಯ ಮಟ್ಟಕ್ಕೆ ಹೊಸ ಎಣ್ಣೆ ಹೊಯ್ದರೆ ಕೆಲಸ ಮುಗಿಯಿತು. ಖರ್ಚು ಸ್ವಲ್ಪ, ಗಾಡಿ ಎಳೆಯತೊಡಗುತ್ತದೆ. ಹಾಗಾದರೆ ಮರಳಿ ಬಂದ ಈ ಬಲವನ್ನು ಮೆಕ್ಯಾನಿಕನು ಕೊಟ್ಟನೆ, ಅಥವಾ ಅದು ಮೊದಲೇ ಇದ್ದುದೆ?

ಈ ಪ್ರಶ್ನೆ ತೋರುವಷ್ಟು ಲಘುವಾದುದಲ್ಲ. ಇಂಜಿನ್ನು ಗಾಳಿಯನ್ನು ಸೆಳೆಯುತ್ತದೆಂದು ನಾವು ರೂಢಿಯಲ್ಲಿ ಹೇಳುತ್ತೇವೆ. ವಸ್ತುತಃ ಪಿಸ್ಟನ್ನು ಕೆಳಗಿಳಿದು ತೆರವು ಮಾಡಿಕೊಡುವುದಷ್ಟೇ, ಆ ತೆರವಿನೊಳಕ್ಕೆ ಗಾಳಿಯನ್ನು ನೂಕುವುದು ನಮ್ಮೆಲ್ಲರ ತಲೆಯ ಮೇಲಿರುವ ವಾಯುಮಂಡಲದ ಭಾರ. ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ತೂಕದಲ್ಲಿ ಅದರ ಹದಿನಾಲ್ಕೂವರೆಗೂ ಮಿಕ್ಕಿ ಗಾಳಿ ಬೇಕು. ಗಾಳಿ ಸಾಲದಿದ್ದಲ್ಲಿ ಇಂಧನವನ್ನು ಎಷ್ಟು ಸುರಿದರೂ ಹೊಗೆಯಲ್ಲದೆ ಬಲವಿಲ್ಲ. ಅಂದಮೇಲೆ ಬಲದ ಮೂಲವು ಸದಾ ಸಿದ್ಧವಾಗಿಯೇ ಇದೆ, ಬಾಗಿಲಲ್ಲಿ ಒತ್ತಿಕೊಂಡೇ ನಿಂತಿದೆ. ಕೊರತೆ ಇರುವುದು ದಾರಿಯಲ್ಲಿ.

ಪತಂಜಲಿಯ ಯೋಗಸೂತ್ರದಲ್ಲಿ ಕೈವಲ್ಯಪಾದದ ಮೂರನೆಯ ಸೂತ್ರವು ಇದೇ ವಿಚಾರವನ್ನು ಎತ್ತಿಕೊಳ್ಳುತ್ತದೆ. ಧರ್ಮಾಚರಣೆ ಮುಂತಾದ ನಿಮಿತ್ತಗಳು ಪ್ರಕೃತಿಯನ್ನು ನೂಕಿ ನಡೆಸುವುದಿಲ್ಲ, ಅಡ್ಡವಾದುದನ್ನು ಭೇದಿಸುತ್ತವೆ ಮಾತ್ರ, ಬೇಸಾಯಗಾರನ ಹಾಗೆ, ಎಂಬುದು ಅದರ ತಾತ್ಪರ್ಯ. ವ್ಯಾಸಭಾಷ್ಯವು ಆ ಬೇಸಾಯಗಾರನನ್ನು ಕಣ್ಣಮುಂದೆ ನಿಲ್ಲಿಸುತ್ತದೆ: ಒಂದು ಮಡಿಯಿಂದ ಇನ್ನೊಂದಕ್ಕೆ ನೀರು ಹಾಯಿಸುವವನು ನೀರನ್ನು ಕೈಯಿಂದ ತಳ್ಳುವುದಿಲ್ಲ, ಬದುವನ್ನು ಒಡೆಯುತ್ತಾನೆ, ನೀರು ತಾನೇ ಹರಿಯುತ್ತದೆ. (ಕೆರೆ ಬತ್ತಿ ಕೊಳವೆಬಾವಿಯೂ ಹನಿ ನೀರಾವರಿಯೂ ಬಂದ ಈ ಸೀಮೆಯಲ್ಲಿ ಬದು ಒಡೆಯುವ ದೃಶ್ಯವೇ ಅಪರೂಪವಾಯಿತೆಂಬುದು ಬೇರೆ ಮಾತು.) ಪ್ರಾಣಾಯಾಮದ ಪೂರಕ ರೇಚಕಗಳಿಗೂ ಇಂಜಿನ್ನಿನ ಉಚ್ಛ್ವಾಸ ನಿಶ್ವಾಸಗಳಿಗೂ ಸಾಮ್ಯ ಹೇಳಿ ಸಂತೋಷಪಡುವವರುಂಟು, ಆ ಸಾಮ್ಯ ಮೇಲುಮೇಲಿನದು. ಬದು ಒಡೆಯುವವನ ಮಾತಾದರೋ ನೇರವಾಗಿ ಯಂತ್ರದ ಮರ್ಮಕ್ಕೇ ತಟ್ಟುತ್ತದೆ. ಕಾಗದದ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವುದು, ಸೀಳಿದ ರಬ್ಬರ್ ಹೋಸನ್ನು ತೆಗೆದೊಗೆಯುವುದು, ಸವೆದು ಸಡಿಲಾದ ಟ್ಯಾಪೆಟ್ಟನ್ನು ಹದಕ್ಕೆ ತಂದು ವಾಲ್ವು ಪೂರ್ತಿಯಾಗಿ ತೆರೆಯುವಂತೆ ಮಾಡುವುದು, ಗಾಳಿಯ ಬಾಯಿಯನ್ನು ಬಾನೆಟ್ಟಿನ ಕಾವಿನಿಂದ ದೂರವಿಡುವುದು—ಮೂರು ಡಿಗ್ರಿ ಕಾವು ಇಳಿದರೆ ಗಾಳಿಯ ಸಾಂದ್ರತೆ ನೂರಕ್ಕೆ ಒಂದರಷ್ಟು ಏರುತ್ತದೆ—ಇವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಬದು ಒಡೆಯುವ ಕೆಲಸವೇ.

ಆದರೆ ಅಡ್ಡವಾದುದೆಲ್ಲವನ್ನೂ ಒಡೆದುಹಾಕಬೇಕೆ? ಇಲ್ಲಿ ವಿವೇಕದ ಅಗತ್ಯ ಬೀಳುತ್ತದೆ. ಫಿಲ್ಟರೂ ಒಂದು ತಡೆಯೇ. ಅದನ್ನು ಕಿತ್ತೊಗೆದು ಓಡಿಸಿದವನಿಗೆ ಒಡನೆಯೇ ಒಂದಿಷ್ಟು ಚುರುಕು ತೋರಬಹುದು. ಆದರೆ ಕಲ್ಲುಕ್ವಾರಿಗಳೂ ಕ್ರಷರುಗಳೂ ಇರುವ ಈ ಸೀಮೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಸೇರಿದ್ದು, ಅದು ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಡಸಾದುದರಿಂದ, ಬೋರನ್ನೂ ರಿಂಗನ್ನೂ ಉಜ್ಜಿ ಉಜ್ಜಿ ಕೊನೆಗೆ ಗಾಡಿ ಆಯಿಲ್ ಕುಡಿಯುವಂತೆ ಮಾಡುತ್ತದೆ. ಸೈಲೆನ್ಸರಿನ ಒಳತಡೆಗಳನ್ನು ಕತ್ತರಿಸಿಸುವ ತರುಣರ ಪಾಡೂ ಇದೇ: ಅವರು ಸಂಪಾದಿಸುವುದು ಶಬ್ದವನ್ನು, ಶಕ್ತಿಯನ್ನಲ್ಲ, ಸಾಲದುದಕ್ಕೆ ತಯಾರಕನು ಕೊಟ್ಟ ರೂಪವನ್ನು ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನಿಷೇಧಿಸಿದೆ. ಮಲವು ತಡೆಯುತ್ತದೆ, ಮರ್ಯಾದೆಯೂ ತಡೆಯುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಬಿಡುಗಡೆಯ ಮಾತನ್ನಾಡುವವರು ಮತದಲ್ಲಿಯೂ ಇದ್ದಾರೆ, ಗ್ಯಾರೇಜಿನಲ್ಲಿಯೂ ಇದ್ದಾರೆ. ನಂದಿಯ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಹತ್ತಿರದ ಖಡಕವಾಸ್ಲಾದಲ್ಲಿ ಕೂಡಿಸಿದ ಸ್ವಯಂಚಾಲಿತ ಗೇಟುಗಳು, ನೀರು ಗೊತ್ತಾದ ಮಟ್ಟಕ್ಕೇರುವವರೆಗೆ ಅದನ್ನು ಹಿಡಿದು ನಿಲ್ಲಿಸಿ, ಮೀರಿದೊಡನೆ ತಾವಾಗಿ ತೆರೆದುಕೊಂಡು, ಕಟ್ಟೆಯನ್ನು ಎತ್ತರಿಸದೆಯೇ ಸಂಗ್ರಹವನ್ನು ಹೆಚ್ಚಿಸಿದುವು. ಯಾವಾಗ ತಡೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಬಲ್ಲ ಅಂಥ ತಡೆಯು ಬಲಕ್ಕೆ ಶತ್ರುವಲ್ಲ.

ಅಗ್ಗದ ಉಪಾಯಗಳ ಹೆಸರಿನಲ್ಲಿ ತಾಯಿತಗಳೂ ಮಾರಾಟವಾಗುತ್ತವೆ: ಪೆಟ್ರೋಲಿನ ಕೊಳವೆಗೆ ಕಟ್ಟುವ ಅಯಸ್ಕಾಂತ, ಗಾಳಿಯ ದಾರಿಯಲ್ಲಿ ಸಿಕ್ಕಿಸುವ ಸುಳಿಗಾಳಿಯ ರೆಕ್ಕೆ ಇತ್ಯಾದಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವುದಕ್ಕೆ ಸಮಿತಿಯೊಂದನ್ನು ರಚಿಸಿದ್ದರು; ಭೌತವಿಜ್ಞಾನಿಯಾದ ಅವರು ಕೇಳುತ್ತಿದ್ದಂಥ ಪ್ರಶ್ನೆಗಳನ್ನು ಈ ಅಯಸ್ಕಾಂತಕ್ಕೂ ಕೇಳಬಹುದು. ಅದು ಯಾವ ಅಡ್ಡಿಯನ್ನು ತೆಗೆಯುತ್ತದೆ? ಉತ್ತರವಿಲ್ಲ. ರೆಕ್ಕೆಯಂತೂ ದಾರಿಯಲ್ಲಿ ಹೊಸ ಅಡ್ಡಿಯಾಗಿಯೇ ಕೂರುತ್ತದೆ.

ಇಷ್ಟಾದ ಮೇಲೆ, ಆತ್ಮವೂ ಹೀಗೆಯೇ ಕೊಳೆ ತೊಳೆದರೆ ಪ್ರಕಾಶಿಸುವುದೆಂದು ಹೇಳಿಬಿಡುವ ಆಸೆ ಹುಟ್ಟುವುದು ಸಹಜ. ಶಂಕರರು ಅದಕ್ಕೆ ಎಡೆಗೊಡುವುದಿಲ್ಲ. ಸಮನ್ವಯಾಧಿಕರಣದ ಭಾಷ್ಯದಲ್ಲಿ, ಉಜ್ಜಿದ ಕನ್ನಡಿಯಲ್ಲಿ ಹೊಳಪು ತೋರಿಬರುವಂತೆ ಮೋಕ್ಷವೂ ತೋರಿಬರಬಾರದೇಕೆ ಎಂಬ ಪೂರ್ವಪಕ್ಷವನ್ನು ತಾವೇ ಎತ್ತಿ, ಉಜ್ಜುವುದು ಕ್ರಿಯೆ, ಆತ್ಮವು ಕ್ರಿಯೆಗೆ ಆಶ್ರಯವಾಗದು, ಆದುದರಿಂದ ಮೋಕ್ಷವು ಸಂಸ್ಕಾರ್ಯವಲ್ಲ ಎಂದು ಅದನ್ನು ನಿರಾಕರಿಸುತ್ತಾರೆ. ಇಂಜಿನ್ನಾದರೋ ತಲೆಯಿಂದ ಕಾಲಿನವರೆಗೆ ಸಂಸ್ಕಾರ್ಯ. ಅದರ ಶುದ್ಧಿಗೆ ಹೋಲಿಸಬಹುದಾದುದು ಹೆಚ್ಚೆಂದರೆ ಚಿತ್ತಶುದ್ಧಿ. ಅದಕ್ಕೆ ಕರ್ಮವು ಬೇಕು, ಮತ್ತೆ ಮತ್ತೆ ಬೇಕು, ಎಂಬುದನ್ನು ಶಂಕರರೂ ಒಪ್ಪುತ್ತಾರೆ. ಪತಂಜಲಿಯ ಬೇಸಾಯಗಾರನು ಪ್ರಕೃತಿಯ ಹೊಲದಲ್ಲಿ ನಿಂತವನು. ಅವನನ್ನು ಅಲ್ಲಿಂದ ಆಚೆಗೆ ಎಳೆದೊಯ್ಯುವುದು ತರವಲ್ಲವೆಂದು ನನ್ನ ಮತ.

ಪ್ರಕೃತಿಯೊಳಗೂ ಒಂದು ಮೇರೆಯುಂಟು. ಚಿಕ್ಕಬಳ್ಳಾಪುರವು ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರಿಗೂ ಮೇಲಿರುವುದರಿಂದ ಅಲ್ಲಿ ವಾಯುವಿನ ಒತ್ತಡವು ಸುಮಾರು ಹತ್ತನೆಯ ಒಂದು ಪಾಲು ಕಡಮೆ. 1478 ಮೀಟರ್ ಎತ್ತರದ ನಂದಿಯ ನೆತ್ತಿಯಲ್ಲಿ ಹೆಚ್ಚುಕಡಮೆ ಆರನೆಯ ಒಂದು ಪಾಲೇ ಕಡಮೆ. ಹೊರಹೋಗುವ ಹೊಗೆಯ ಬಲದಿಂದಲೇ ಒಳಬರುವ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಈ ಕೊರತೆಯನ್ನು ತುಂಬಬಲ್ಲದು, ಆದರೆ ಅದು ಅಗ್ಗದ ಹಾದಿಯಲ್ಲ. ಹೊಸ ಫಿಲ್ಟರು ಹಾಕಿಸಿಕೊಂಡು ಹೋದವನು ಬೆಟ್ಟದ ತಿರುವುಗಳಲ್ಲಿ ಗಾಡಿ ಎಳೆಯದೆಂದು ಮೆಕ್ಯಾನಿಕನೊಡನೆ ಜಗಳಕ್ಕೆ ನಿಂತರೆ, ಜಗಳವಾಡಬೇಕಾದುದು ವಾಯುಮಂಡಲದೊಡನೆ. ಅಲ್ಲಿ ಎರಡನೆಯ ಗೇರಿಗೆ ಇಳಿಯುವುದೇ ಸರಿ. ಅದಕ್ಕೆ ಕಾಸು ಖರ್ಚಿಲ್ಲ.