ಕಳೆ ಎನ್ನುವ ಅಧಿಕಾರ

ಸಸ್ಯಶಾಸ್ತ್ರದಲ್ಲಿ ಕುಲಗಳುಂಟು, ಜಾತಿಗಳುಂಟು. ಕಳೆ ಎಂಬ ಕುಲವೂ ಇಲ್ಲ, ಜಾತಿಯೂ ಇಲ್ಲ. ಅದು ಗಿಡದ ಹೆಸರಲ್ಲ, ಗಿಡದ ಮೇಲೆ ನಾವು ಹೊರಿಸುವ ಆಪಾದನೆ. ನೆಲ ಅಗೆದು ಪಾತಿ ಮಾಡುವ ತನಕ ಅಲ್ಲಿ ಬೆಳೆದದ್ದೆಲ್ಲ ಬರಿಯ ಹಸಿರು. ಬೀಜ ಬಿತ್ತಿದ ಮರುಗಳಿಗೆಯೇ ಆ ಹಸಿರು ಎರಡು ಪಂಗಡವಾಗುತ್ತದೆ. ಬೆಳೆ ಬಿತ್ತಿದವನು ಅದೇ ಕೈಯಿಂದ ಕಳೆಯನ್ನೂ ಬಿತ್ತಿರುತ್ತಾನೆ ಎಂದರೆ ತಪ್ಪಾಗಲಾರದು. (ನಮ್ಮ ಭಾಷೆಯ ಚಮತ್ಕಾರ ನೋಡಿ: ಮುಖದಲ್ಲಿದ್ದರೆ ಕಳೆ ಕಾಂತಿ, ಪಾತಿಯಲ್ಲಿದ್ದರೆ ಕಂಟಕ.)

ನನ್ನ ಹಿತ್ತಿಲು ದೊಡ್ಡದೇನಲ್ಲ. ದಂಟಿಗೊಂದು ಪಾತಿ, ಬೆಂಡೆಗೊಂದು, ಬೇಲಿಯ ಉದ್ದಕ್ಕೆ ಅವರೆ. ದಂಟಿನ ಬೀಜ ಗಸಗಸೆಯಷ್ಟು ಸಣ್ಣದು. ಹಿಡಿ ಮರಳಿನೊಡನೆ ಬೆರೆಸಿ ಎರಚದಿದ್ದರೆ ಒಂದು ಕಡೆ ಸಂತೆ, ಇನ್ನೊಂದು ಕಡೆ ಬಯಲು. ಅದರ ಮೇಲೆ ಮಣ್ಣನ್ನು ತೆಳುವಾಗಿ ಉದುರಿಸಿದರೆ ಸಾಕು. ಬೀಜದ ದಪ್ಪದ ಎರಡು ಮೂರರಷ್ಟು ಆಳ ಎಂಬುದು ಸಾಮಾನ್ಯ ಲೆಕ್ಕ. ಅವರೆಯನ್ನು ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಬಹುದು. ದಂಟನ್ನು ಹಾಗೆ ಹೂತರೆ ಅದು ಮತ್ತೆ ಬೆಳಕು ಕಾಣುವುದಿಲ್ಲ.

ಇದೆಲ್ಲ ಸುಲಭದ ಮಾತು. ಕಷ್ಟ ಬರುವುದು ಮೊಳಕೆ ಬಂದ ಮೇಲೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಕಟ್ಟಿದವನು ದಂಟಿನ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತವನಲ್ಲವೆಂದು ಕಾಣುತ್ತದೆ. ದಂಟೂ ಮುಳ್ಳುಹರಿವೆಯೂ ಒಂದೇ ಮನೆತನದವು. ಎಳೆತನದಲ್ಲಿ ಅಣ್ಣತಮ್ಮಂದಿರ ಹಾಗೆ. ಮುಳ್ಳು ಮೂಡುವ ಹೊತ್ತಿಗೆ ತಡವಾಗಿರುತ್ತದೆ. ರಾಗಿಯ ಹೊಲದಲ್ಲಿ ಕಾಡುರಾಗಿಯದೂ ಇದೇ ಕತೆ: ತೆನೆ ಬರುವ ತನಕ ಅನುಭವಿಯ ಕಣ್ಣೂ ತಡವರಿಸುತ್ತದೆ. ರೈತರು ಕೂರಿಗೆಯಿಂದ ಸಾಲಾಗಿ ಬಿತ್ತುವುದಕ್ಕೆ ಇದೂ ಒಂದು ಕಾರಣ. ಸಾಲಿನೊಳಗೆ ಇರುವುದು ಬೆಳೆ, ಸಾಲಿನ ಹೊರಗೆ ಇರುವುದು ಕಳೆ. ಗುಣವನ್ನು ಕಂಡು ಕೊಟ್ಟ ತೀರ್ಪಲ್ಲ ಅದು, ನಿಂತ ಜಾಗವನ್ನು ಕಂಡು ಕೊಟ್ಟದ್ದು.

ಗುಣವನ್ನೇ ನೋಡುವುದಾದರೆ ಪೇಚಾಟ ಇನ್ನೂ ಹೆಚ್ಚು. ಚೌತಿಯ ದಿನ ಕಾಸು ಕೊಟ್ಟು ತಂದು ಗಣಪತಿಗೆ ಏರಿಸಿದ ಗರಿಕೆಯನ್ನೇ ಮರುದಿನ ಶಪಿಸುತ್ತ ಕಿತ್ತೆಸೆಯುತ್ತೇವೆ. ತೋಟಗಾರನ ಕಣ್ಣೀರು ತರಿಸುವ ತುಂಗೆ ಗಡ್ಡೆ ಆಯುರ್ವೇದದ ಪಂಡಿತರಿಗೆ ಭದ್ರಮುಷ್ಟಿ. ಎಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚುವುದು ಅಣ್ಣೆ ಸೊಪ್ಪು. ಅದು ರಾಗಿ ಹೊಲದ ಕಳೆ. ಕೂಲಿಗೆಂದು ಕಳೆ ಕೀಳಲು ಬಂದ ಹೆಂಗಸು ಅದರ ಎಳೆಯ ಕುಡಿಗಳನ್ನು ಬದುವಿಗೆ ಎಸೆಯುವುದಿಲ್ಲ, ಮಡಿಲಿಗೆ ತುಂಬಿಕೊಳ್ಳುತ್ತಾಳೆ. ಸಂಜೆ ಅವಳ ಮನೆಯಲ್ಲಿ ಬೆರಕೆ ಸೊಪ್ಪಿನ ಸಾರು. ಹೊಲದ ಒಡೆಯನಿಗೆ ಕಳೆಯಾದದ್ದು ಕೂಲಿಯವಳಿಗೆ ಊಟ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಅವಳಿಗೆ ಕೂಲಿಯೂ ಇಲ್ಲ, ಸೊಪ್ಪೂ ಇಲ್ಲ. ಆ ನಷ್ಟ ಯಾರ ಲೆಕ್ಕದ ಪುಸ್ತಕದಲ್ಲಿಯೂ ಬರೆಯಲ್ಪಡುವುದಿಲ್ಲ.

ಹಾಗಾದರೆ ಕಳೆ ಕೀಳಲೇಬಾರದೆ? ಅಂಥ ವೇದಾಂತ ಹೇಳುವವರಿಗೆ ಹಿತ್ತಿಲು ಇರುವುದಿಲ್ಲ. ಬಿತ್ತಿದ ಮೊದಲ ಕೆಲವು ವಾರಗಳಲ್ಲಿ ಸಸಿಯ ಬೆಳಕನ್ನೂ ನೀರನ್ನೂ ಕಸಿಯುವ ಗಿಡವನ್ನು ತೆಗೆಯಲೇಬೇಕು. ಮಳೆ ಬಂದು ಮಣ್ಣು ಮೆತ್ತಗಿರುವಾಗ, ಅದು ಹೂ ಬಿಡುವುದಕ್ಕೆ ಮುಂಚೆ. ತುಂಗೆಯ ಎಲೆ ಹರಿದು ಫಲವಿಲ್ಲ, ಗಡ್ಡೆ ಅಗೆಯಬೇಕು. ಇನ್ನು 1950ರ ದಶಕದ ನಡುವೆ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದು ಆಮೇಲೆ ದೇಶವನ್ನೇ ಹಬ್ಬಿದ ಪಾರ್ಥೇನಿಯಂ—ನಮ್ಮ ಜನ ಕಾಂಗ್ರೆಸ್ ಗಿಡ ಎನ್ನುವುದು—ಮೈಗೆ ತುರಿ ಕಜ್ಜಿ ತರುತ್ತದೆ, ಒಂದೊಂದು ಗಿಡ ಸಾವಿರಾರು ಬೀಜ ಚೆಲ್ಲುತ್ತದೆ. ಅದನ್ನು ಕೀಳುವಾಗ ನನಗೆ ಯಾವ ಧರ್ಮಸಂಕಟವೂ ಇಲ್ಲ. ಕೈಗೆ ಚೀಲ ಸುತ್ತಿಕೊಳ್ಳುತ್ತೇನೆ, ಅಷ್ಟೆ.

ಧರ್ಮಸಂಕಟ ಇರುವುದು ಒತ್ತಾಗಿ ಹುಟ್ಟಿದ ದಂಟಿನ ಸಸಿಗಳನ್ನು ತೆಳುವು ಮಾಡುವಾಗ. ಬಿತ್ತಿದವನು ನಾನು, ನೀರೆರೆದವನು ನಾನು. ಅವು ಹುಟ್ಟಿದ್ದು ನಾನು ಕರೆದದ್ದರಿಂದ. ಆದರೂ ಹತ್ತರಲ್ಲಿ ಆರೇಳನ್ನು ಕೀಳದಿದ್ದರೆ ಯಾವುದೂ ಗಿಡವಾಗದು. ಅಲ್ಲಿ ಕಳೆ ಎಂದು ಬಯ್ಯುವುದಕ್ಕೂ ಆಸ್ಪದವಿಲ್ಲ. ಕಿತ್ತ ಎಳೆಯ ಸಸಿಗಳು ಅಂದಿನ ಪಲ್ಯವಾಗುತ್ತವೆ, ಅಂದರೆ ತೆಳುವು ಮಾಡುವುದೇ ಮೊದಲ ಕೊಯ್ಲು. ಬುಡ ಹಿಡಿದು ಮೇಲಕ್ಕೆಳೆಯುವ ಕೈಗೆ ಕಳೆಯೂ ಕೊಯ್ಲೂ ಒಂದೇ, ಗಿಡಕ್ಕಂತೂ ಒಂದೇ. ವ್ಯತ್ಯಾಸ ನಮ್ಮ ಬಾಯಲ್ಲಿ ಮಾತ್ರ. ನನಗೆ ಬೇಕು, ಆದ್ದರಿಂದ ಕೀಳುತ್ತೇನೆ ಎನ್ನುವುದು ಪ್ರಾಮಾಣಿಕ. ಅದು ಕೆಟ್ಟದ್ದು, ಆದ್ದರಿಂದ ಕೀಳುತ್ತೇನೆ ಎನ್ನುವಾಗ ಸ್ವಲ್ಪ ಅನುಮಾನಪಡಬೇಕು.

ಈ ಅನುಮಾನ ಹಿತ್ತಿಲಿಗೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ನಿಮ್ಮ ಭಾನುವಾರದ ಹೊತ್ತನ್ನು ನಾನು ಹಾಳು ಮಾಡುತ್ತಿರಲಿಲ್ಲ. ಸಭೆಗಳಲ್ಲಿ, ಕಾಫಿಯ ಮೇಜಿನ ಸುತ್ತ, ಸಮಾಜದ ಕಳೆಯನ್ನು ಕಿತ್ತೊಗೆಯಬೇಕು ಎಂದು ಗಂಭೀರವಾಗಿ ಹೇಳುವವರನ್ನು ನೀವೂ ಕೇಳಿದ್ದೀರಿ. ತೋಟಗಾರನಿಗೆ ಆ ಮಾತಿನ ಅಧಿಕಾರ ಉಂಟು: ನೆಲ ಅವನ ವಶ, ಬೀಜ ಅವನದು, ಅವನ ತೀರ್ಪು ಒಂದು ಬೆಳೆಯ ಮಟ್ಟಿಗೆ. ಸಮಾಜವೆಂಬ ಪಾತಿಯನ್ನು ಬಿತ್ತಿದವರು ಯಾರು? ಅಲ್ಲಿ ಮಾತಾಡುತ್ತಿರುವವನೂ ಒಂದು ಗಿಡವೇ ಅಲ್ಲವೆ?

ಇಂಥ ಮಾತು ಕೇಳಿದಾಗ ನನಗೆ ರಷ್ಯದ ನಿಕೊಲಾಯ್ ವಾವಿಲೊವ್ ನೆನಪಾಗುತ್ತಾನೆ. ದೇಶದೇಶ ಅಲೆದು ಬೆಳೆಗಳ ಬೀಜ ಕೂಡಿಹಾಕಿದ ವಿಜ್ಞಾನಿ ಆತ. ರಷ್ಯದವರ ಕಪ್ಪು ರೊಟ್ಟಿಯ ಧಾನ್ಯವಾದ ರೈ ಮೂಲತಃ ಗೋಧಿ ಹೊಲದ ಕಳೆ ಎಂದು ತೋರಿಸಿಕೊಟ್ಟವನು ಆತನೇ. ಬೆಟ್ಟ ಏರಿದಂತೆ, ಚಳಿ ಹೆಚ್ಚಿದಂತೆ, ಗೋಧಿ ಸೋತಿತು, ಕಳೆ ನಿಂತಿತು, ನಿಂತದ್ದನ್ನು ಜನ ಕೊಯ್ದು ತಿಂದರು, ಆಮೇಲೆ ಅದನ್ನೇ ಬಿತ್ತಿದರು. 1940ರಲ್ಲಿ ಅವನ ಸರಕಾರ, ವ್ಯವಸಾಯಕ್ಕೆ ದ್ರೋಹ ಬಗೆದವನೆಂದು ಅವನನ್ನು ಸೆರೆಹಿಡಿಯಿತು. 1943ರ ಜನವರಿಯಲ್ಲಿ, ಸರಾತೊವ್ ನಗರದ ಸೆರೆಮನೆಯಲ್ಲಿ, ಅನ್ನದ ಕೊರತೆಯಿಂದ ಅವನು ಸತ್ತ. ತೀರ್ಪನ್ನು 1955ರಲ್ಲಿ ರದ್ದುಮಾಡಿದರು.

ನನ್ನ ದಂಟಿನ ಪಾತಿಯ ಅಂಚಿನಲ್ಲಿ ಈಗ ಒಂದು ಅಣ್ಣೆ ಗಿಡ ಎದ್ದಿದೆ. ಹೂವಾದರೆ ಬೀಜ ಚೆಲ್ಲುತ್ತದೆ, ಕಿತ್ತುಹಾಕಿ ಎಂದು ಮನೆಯಾಕೆ ಎರಡು ಸಲ ಹೇಳಿದ್ದಾಳೆ. ಕುಡಿ ಇನ್ನೂ ಎಳೆಯದು. ಈ ವಾರ ಸಾರಿಗೆ ಬೇರೆ ಸೊಪ್ಪು ತರಬೇಡ ಎಂದಿದ್ದೇನೆ.