ಪಕ್ಕದ ಸೀಟು ಖಾಲಿಯಿತ್ತು



ಸೊಲ್ಲಾಪುರ-ವಿಜಯಪುರ ಹೆದ್ದಾರಿಯ ಝಳಕಿಯಲ್ಲಿ ಇಂಡಿಗೆ ಹೋಗುವ ಬಸ್ಸು ಹತ್ತಿದ್ದೆ. ಕಾಲಿಡಲು ಜಾಗವಿರಲಿಲ್ಲ. ಆದರೂ ಒಂದು ಸೀಟು ಖಾಲಿಯಿತ್ತು. ಅದರ ಪಕ್ಕದಲ್ಲಿ ಸುಮಾರು ನಲವತ್ತು ವಯಸ್ಸಿನ ತಾಯಿಯೊಬ್ಬರು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕುಳಿತಿದ್ದರು. ಮುಖ, ಕತ್ತು, ಕೈಗಳ ಮೇಲೆಲ್ಲ ಕಡಲೆಕಾಳಿನಷ್ಟು, ಕೆಲವು ಅಡಿಕೆಯಷ್ಟು ಗಾತ್ರದ ಗಂಟುಗಳು. ಜನ ನಿಂತೇ ಇದ್ದರು. ನಿಜ ಹೇಳಬೇಕೆಂದರೆ ನಾನೂ ಒಂದು ಕ್ಷಣ ಕಂಬಿ ಹಿಡಿದು ನಿಂತೆ. ಆಮೇಲೆ ಕುಳಿತೆ. ಆ ಒಂದು ಕ್ಷಣವನ್ನು ಆ ತಾಯಿ ನೋಡಿದ್ದರು.

ಸ್ವಲ್ಪ ಹೊತ್ತಿನ ಬಳಿಕ ನನ್ನ ಕೊರಳಿನ ಶಿಲುಬೆ ಕಂಡು ಅವರೇ ಮಾತು ತೆಗೆದರು. "ಅಪ್ಪಾರ, ಹೋದ ಜಲ್ಮದಾಗ ನಾ ಏನ್ ಪಾಪ ಮಾಡಿದ್ನೋ ಏನೋ, ನನಗ ಇದು ಬಂತು. ಈಗ ಮಗಳ ಬೆನ್ನ ಮ್ಯಾಲೂ ಕಂದು ಮಚ್ಚಿ ಬಂದಾವ್ರಿ. ಆಕಿ ಏನ್ ಪಾಪ ಮಾಡ್ಯಾಳ? ನಾನ ಕೊಟ್ಟೆ ಅಲ್ರಿ ಆಕಿಗೆ?"

ಗುರುಮಠದಲ್ಲಿ ಕೇಡಿನ ಮೂಲವನ್ನು ಕುರಿತು ಸಂತ ಆಗಸ್ಟೀನರ ವಾದವನ್ನು ಓದಿ ಪರೀಕ್ಷೆ ಬರೆದವನು ನಾನು. ಆ ಬಸ್ಸಿನಲ್ಲಿ ಅದರ ಒಂದು ಸಾಲೂ ನಾಲಿಗೆಗೆ ಬರಲಿಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದೇ ಪ್ರಶ್ನೆ ಕೇಳಿದ್ದು ನೆನಪಾಯಿತು: ಪಾಪ ಯಾರದು, ಇವನದೋ, ಹೆತ್ತವರದೋ? ಯೇಸುಸ್ವಾಮಿ ಎರಡನ್ನೂ ಅಲ್ಲಗಳೆದರು. ದೇವರ ಕಾರ್ಯ ಇವನಲ್ಲಿ ಪ್ರಕಟವಾಗಬೇಕೆಂದು ಹೇಳಿದ ಪ್ರಭು ಸುಮ್ಮನೆ ಮುಂದೆ ಹೋಗಲಿಲ್ಲ. ಬಗ್ಗಿ, ಮಣ್ಣು ಕಲಸಿ, ಎಲ್ಲರೂ ದೂರದಿಂದ ನೋಡುತ್ತಿದ್ದ ಆ ಕಣ್ಣುಗಳಿಗೆ ತಮ್ಮ ಕೈಯಿಂದಲೇ ಹಚ್ಚಿದರು. ನನಗೆ ತಿಳಿದ ಮಟ್ಟಿಗೆ ಆ ತಾಯಿಗೆ ಇದನ್ನೇ ಹೇಳಿದೆ.

ಅವರು ದವಾಖಾನೆಯ ಚೀಟಿ ತೋರಿಸಿದರು. ಕಾಯಿಲೆಯ ಹೆಸರು ನ್ಯೂರೋಫೈಬ್ರೊಮಟೋಸಿಸ್. ಜರ್ಮನಿಯ ವೈದ್ಯ ಫಾನ್ ರೆಕ್ಲಿಂಗ್‌ಹೌಸೆನ್ 1882ರಲ್ಲಿ ಇದನ್ನು ವಿವರಿಸಿದರು. 17ನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯ ದೋಷ ಇದಕ್ಕೆ ಕಾರಣವೆಂದು 1990ರಲ್ಲಿ ಗೊತ್ತಾಯಿತು. ಸುಮಾರು 3,000 ಮಕ್ಕಳಲ್ಲಿ ಒಂದಕ್ಕೆ ಇದು ಬರುತ್ತದೆ. ಅವರಲ್ಲಿ ಅರ್ಧದಷ್ಟು ಜನರ ತಂದೆತಾಯಿಗೆ ಈ ಕಾಯಿಲೆಯೇ ಇರುವುದಿಲ್ಲ. ದೋಷ ಹೊಸದಾಗಿ ಹುಟ್ಟಿರುತ್ತದೆ. ಕಾಯಿಲೆ ಇದ್ದವರ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗ್ರಹಣವಲ್ಲ, ನಾಗದೋಷವಲ್ಲ, ಕುಷ್ಠವಲ್ಲ, ಮುಟ್ಟಿದರೆ ಅಂಟುವುದಂತೂ ಇಲ್ಲವೇ ಇಲ್ಲ.

ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಹಾಗಾದರೆ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಚಿಂತೆ ಇರುವುದು ಇಲ್ಲೇ. ಹರೆಯದಲ್ಲಿ, ಬಸುರಿನಲ್ಲಿ, ಅಂದರೆ ಹುಡುಗಿಯೊಬ್ಬಳು ಕನ್ನಡಿ ನೋಡುವ ಹೊತ್ತಿಗೆ, ಗಂಟುಗಳು ಹೆಚ್ಚುತ್ತವೆ. ನಾಳೆ ಎಷ್ಟಾಗುತ್ತವೆ ಎಂದು ವೈದ್ಯರೂ ಹೇಳಲಾರರು. ತಾಯಿಗೆ ಸೌಮ್ಯವಾಗಿದ್ದದ್ದು ಮಗಳಿಗೆ ಕಠಿಣವಾಗಬಹುದು, ತಿರುಗಾಮುರುಗಾ ಆಗಲೂಬಹುದು. ತಂಗಿಯ ಲಗ್ನದ ಮಾತುಕತೆಗೆ ಬೀಗರು ಬಂದರೆ ಅಕ್ಕನನ್ನು ಒಳಗೆ ಕೂಡಿಸುತ್ತಾರೆ. ಇಂಥವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚೆಂಬುದು ಆಶ್ಚರ್ಯವಲ್ಲ. ಅದನ್ನು ವಿಶ್ವಾಸದ ಕೊರತೆ ಎನ್ನಬೇಡಿ. "ದೇವರು ಕೊಟ್ಟ ಶಿಲುಬೆ, ಹೊತ್ತುಕೊಳ್ಳಮ್ಮ" ಎಂದು ನಾವು ಗುರುಗಳು ಹೇಳುವುದು ಎಷ್ಟೋ ಸಲ ಅಲ್ಲಿಂದ ಬೇಗ ಎದ್ದು ಹೋಗಲಿಕ್ಕೆ. ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ಅವನ ಬಳಿ ಕುಳಿತಿದ್ದರು. ಬಾಯಿ ತೆರೆದ ಮೇಲೆಯೇ ಅವರು ಕೆಟ್ಟದ್ದು.

2013ರ ನವೆಂಬರ್ 6ರಂದು ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸರು ಒಬ್ಬ ವ್ಯಕ್ತಿಯ ಗಂಟುತುಂಬಿದ ಮುಖವನ್ನು ಎದೆಗೊತ್ತಿಕೊಂಡ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅವರು ಇಟಲಿಯ ವಿನೀಚಿಯೊ ರೀವಾ, ಇದೇ ಕಾಯಿಲೆ. ತಾಯಿಗೂ ಇತ್ತು, ತಂಗಿಗೂ ಇದೆ. ಬಸ್ಸಿನಲ್ಲಿ ಒಬ್ಬ ತನ್ನ ಪಕ್ಕ ಕೂರಬೇಡವೆಂದು ಅವರನ್ನು ಗದರಿಸಿದ್ದನಂತೆ, ಬೇರೆಯವರು ಕೇಳಿಯೂ ಸುಮ್ಮನಿದ್ದರಂತೆ. ಪೋಪರ ಬಗ್ಗೆ ಅವರು ನೆನೆದದ್ದು ಒಂದೇ: ಇದು ಅಂಟುವುದಿಲ್ಲವೆಂದು ಪೋಪರಿಗೆ ಗೊತ್ತಿರಲಿಲ್ಲ, ಆದರೂ ಅವರು ತಡೆಯಲಿಲ್ಲ. ರೀವಾ 2024ರ ಜನವರಿಯಲ್ಲಿ 58ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಮಾತು ಓದಿದಾಗಲೆಲ್ಲ ಬಸ್ಸಿನ ಕಂಬಿ ಹಿಡಿದ ನನ್ನ ಕೈ ನನಗೆ ಕಾಣುತ್ತದೆ.

ಮನೆಯಲ್ಲಿ ಇಂಥವರಿದ್ದರೆ ವರ್ಷಕ್ಕೊಮ್ಮೆಯಾದರೂ ವೈದ್ಯರ ಬಳಿ ಕರೆದೊಯ್ಯಿರಿ. ಗಂಟೊಂದು ಏಕಾಏಕಿ ಬೆಳೆದರೆ, ನೋಯತೊಡಗಿದರೆ ತಡಮಾಡಬೇಡಿ. ನರದ ದೊಡ್ಡ ಗಡ್ಡೆಗಳನ್ನು ಕುಗ್ಗಿಸುವ ಔಷಧಿ 2020ರಿಂದ ಬಂದಿದೆ, ಬಡವರ ಕೈಗೆಟುಕುವ ಬೆಲೆಯಲ್ಲ. ಮನಸ್ಸು ಕುಸಿದಾಗ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ, ದುಡ್ಡಿಲ್ಲ. ಬಲಿಪೂಜೆಯಲ್ಲಿ ಶಾಂತಿಯ ವಂದನೆಯ ಹೊತ್ತಿಗೆ ಹಿಂದಿನ ಬೆಂಚಿನವರ ಕಡೆಗೂ ಒಮ್ಮೆ ತಿರುಗಿರಿ.

ಇದನ್ನು ಬರೆಯಲೇ ಎಂದು ಆ ತಾಯಿಯನ್ನು ಕೇಳಿದೆ. "ಬರೀರಿ, ಹೆಸರೊಂದು ಹಾಕಬ್ಯಾಡ್ರಿ, ಮಗಳ ಲಗ್ನ ಆಗಬೇಕು" ಅಂದರು. ಇಂಡಿಯಲ್ಲಿ ಇಳಿಯುವ ಮುಂಚೆ ಚೀಲದಿಂದ ನಾಲ್ಕು ಲಿಂಬೆಹಣ್ಣು ತೆಗೆದು, ಕೊಡಲೋ ಬೇಡವೋ ಎಂಬಂತೆ ಹಿಡಿದರು. ನಾನು ಎರಡೂ ಕೈ ಚಾಚಿದೆ.